ಮೊಬೈಲಿನ ವಿಷಯವಾಗಿ ಪ್ರಾಯದ ಮಕ್ಕಳಿಗೆ ಕಲಿಸತಕ್ಕದ್ದು



ಪ್ರಾಯಕ್ಕೆ ಬರುತ್ತಿರುವ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಮೊಬೈಲು ಇರುವದನ್ನು ಪ್ರತಿ ಹಳ್ಳಿಯಲ್ಲಿಯೂ ಕಾಣುತ್ತೇವೆ. ಇದನ್ನು ಕುರಿತು ಹಿರಿಯರಲ್ಲಿ ಎರಡು ವಿಧದ ಮಾತು ನಡೆಯುವದುಂಟು. ಕೆಲವರು, "ಮಕ್ಕಳು ಇದರಲ್ಲಿ ನಮಗಿಂತ ಬಲ್ಲವರು, ಅವರಿಗೆ ನಾವೇನು ಕಲಿಸೋಣ?" ಅನ್ನುತ್ತಾರೆ. ಬೇರೆ ಕೆಲವರು, "ಕಸಕೊಂಡು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ತೀರಿತು" ಅನ್ನುತ್ತಾರೆ. ಈ ಎರಡು ಮಾತುಗಳೂ ಯಾಕೆ ಸಾಲವೆಂಬದನ್ನು ಈ ಪಾಠದಲ್ಲಿ ವಿಚಾರಿಸುವೆವು. ಯೌವನಸ್ಥರ ಕೂಟವನ್ನು ನಡಿಸುವವರು ಇದನ್ನು ಮೂರು ನಾಲ್ಕು ವಾರಗಳಿಗೆ ಹಂಚಿಕೊಂಡು ಕಲಿಸಬಹುದು. ಆದರೂ ತಾಯಿತಂದೆಗಳು ಮೊದಲು ಓದಿಕೊಳ್ಳುವದು ಒಳ್ಳೇದು. ಯಾಕಂದರೆ ಪಾಠದ ಹೆಚ್ಚಿನ ಭಾಗ ಅವರಿಗೇ ಸಂಬಂಧಪಟ್ಟದ್ದು.

ಮಕ್ಕಳು ಬಲ್ಲರೆಂಬದು ಅರ್ಧ ಸತ್ಯ. ೨೦೨೪ರಲ್ಲಿ ಭಾರತದ ಗ್ರಾಮಗಳಲ್ಲಿ ನಡೆದ ಅಸರ್ ಎಂಬ ಶಿಕ್ಷಣ ಸಮೀಕ್ಷೆಯಲ್ಲಿ ೧೪ರಿಂದ ೧೬ ವರ್ಷದವರನ್ನು ವಿಚಾರಿಸಿದಾಗ ನೂರರಲ್ಲಿ ೮೨ ಮಂದಿ ಸ್ಮಾರ್ಟ್‌ಫೋನು ಬಳಸಲು ಬಲ್ಲೆವೆಂದರು. ಹಿಂದಿನ ವಾರದಲ್ಲಿ ಅದನ್ನು ಓದುಬರಹಕ್ಕೆ ಬಳಸಿದವರು ನೂರಕ್ಕೆ ೫೭, ಸಾಮಾಜಿಕ ಜಾಲತಾಣಗಳಿಗೆ ಬಳಸಿದವರು ನೂರಕ್ಕೆ ೭೬. ಜಾಲತಾಣ ಬಳಸುವವರಲ್ಲಿ ತನ್ನ ಖಾತೆಯು ಅಪರಿಚಿತರಿಗೆ ಕಾಣದಂತೆ ಮಾಡಿಕೊಳ್ಳಬಲ್ಲವರು ನೂರರಲ್ಲಿ ೫೫ ಮಂದಿ ಮಾತ್ರ. ಅಂದರೆ ಆ ಮನೆಯೊಳಗೆ ಓಡಾಡಲು ಎಲ್ಲರೂ ಕಲಿತಿದ್ದಾರೆ, ಕದಕ್ಕೆ ಅಗಳಿ ಹಾಕಲು ಹೆಚ್ಚುಕಡಿಮೆ ಅರ್ಧ ಮಂದಿ ಅರಿಯರು.

ಹೀಗಿರಲಾಗಿ, ಮೊದಲು ಆ ಮನೆಯ ಯಜಮಾನನು ಯಾರು, ಅವನ ವ್ಯಾಪಾರವೇನು ಎಂಬದನ್ನು ತಿಳಿಸಬೇಕು. ಮಕ್ಕಳನ್ನು ಹೀಗೆ ಕೇಳಿರಿ: "ಇನ್‌ಸ್ಟಾಗ್ರಾಮಿಗಾಗಲಿ ಯೂಟ್ಯೂಬಿಗಾಗಲಿ ನೀವು ಕಾಸು ಕೊಡುವದಿಲ್ಲ. ಹಾಗಾದರೆ ನಡಿಸುವವರಿಗೆ ಹಣ ಎಲ್ಲಿಂದ ಬರುತ್ತದೆ?" ಜಾಹೀರಾತಿನಿಂದ ಎಂದು ಯಾರಾದರೂ ಹೇಳುವರು. "ಜಾಹೀರಾತು ಕೊಡುವವನು ಕೊಂಡುಕೊಳ್ಳುವದೇನು?" ಎಂದು ಮತ್ತೆ ಕೇಳಿರಿ. ಸ್ವಲ್ಪ ಸುಮ್ಮನಿದ್ದು ಅವರೇ ಯೋಚಿಸಲಿ. ಅವನು ಕೊಂಡುಕೊಳ್ಳುವದು ನೋಡುವವನ ಕಣ್ಣನ್ನೂ ಹೊತ್ತನ್ನೂ. ನೀವು ಎಷ್ಟು ಹೊತ್ತು ನೋಡುತ್ತೀರೋ ಅಷ್ಟು ಅವರಿಗೆ ಲಾಭ. ಆದದರಿಂದ ಹೊತ್ತನ್ನು ಹಿಡಿದಿಡುವದಕ್ಕೆ ತಕ್ಕಂತೆಯೇ ಆ ಯಂತ್ರವನ್ನು ಕಟ್ಟಿದ್ದಾರೆ. ಹಿಂದೆ ಒಂದು ಪುಟ ಮುಗಿದರೆ ಮುಂದಿನದಕ್ಕೆ ಒತ್ತಬೇಕಾಗಿತ್ತು, ಅಲ್ಲಿ ಎದ್ದು ಹೋಗಲು ಒಂದು ಸಂದು ಸಿಕ್ಕುತ್ತಿತ್ತು. ೨೦೦೬ರಲ್ಲಿ ಅಮೆರಿಕದ ಏಜಾ ರಾಸ್ಕಿನ್ ಎಂಬವನು ಪುಟವೇ ಮುಗಿಯದಂತೆ ಕೆಳಗೆ ಕೆಳಗೆ ಬರುತ್ತಿರುವ ಉಪಾಯವನ್ನು ಕಂಡುಹಿಡಿದನು, ಮುಂದೆ ಅದನ್ನು ಕುರಿತು ತಾನೇ ವಿಷಾದಪಟ್ಟನು. ೨೦೦೯ರಲ್ಲಿ ಫೇಸ್‌ಬುಕ್ಕಿನವರು ಲೈಕ್ ಎಂಬ ಗುಂಡಿಯನ್ನು ಇಟ್ಟರು. ಒಬ್ಬನು ಮೆಚ್ಚಿದ್ದನ್ನು ಅಂಕೆಯಲ್ಲಿ ಎಣಿಸುವ ಪದ್ಧತಿಯು ಅಂದಿನಿಂದ ಮಕ್ಕಳ ಮನಸ್ಸಿಗೆ ಹತ್ತಿಕೊಂಡಿದೆ.

ಮುಂದೆ ಇಬ್ಬರು ಹುಡುಗರ ಫೋನುಗಳನ್ನು ಅಕ್ಕಪಕ್ಕದಲ್ಲಿ ಇಡಿಸಿರಿ. ಇಬ್ಬರೂ ಒಂದೇ ಶಾಲೆಯವರು, ಒಂದೇ ಕೇರಿಯವರು. ಆದರೂ ಒಬ್ಬನಿಗೆ ಕ್ರಿಕೆಟಿನ ಮೇಲೆ ಕ್ರಿಕೆಟು, ಇನ್ನೊಬ್ಬನಿಗೆ ಹೊಡೆದಾಟದ ಮೇಲೆ ಹೊಡೆದಾಟ ಬರುವದನ್ನು ಕಾಣುವರು. ಇದು ಹೇಗೆ? ಬಳೆಗಾರನು ಗಂಟು ಬಿಚ್ಚಿ ಕೂತಾಗ ಹುಡುಗಿಯ ಕಣ್ಣು ಯಾವ ಬಣ್ಣದಲ್ಲಿ ನಿಂತಿತೆಂದು ನೋಡಿ ಆ ಬಣ್ಣದ ಮಲಾರವನ್ನೇ ಮುಂದಕ್ಕೆ ಎಳೆಯುತ್ತಾನಲ್ಲವೋ? ಈ ಯಂತ್ರವೂ ಹಾಗೆಯೇ ಮಾಡುತ್ತದೆ. ಆದರೆ ಬಳೆಗಾರನಿಗೆ ಮನುಷ್ಯರ ಮುಖ ನೋಡಿ ತಿಳಿಯುವ ಶಕ್ತಿಯುಂಟು. ಹುಡುಗಿಯು ಅತ್ತರೆ ಅವನು ಗಂಟು ಕಟ್ಟುವನು. ಯಂತ್ರಕ್ಕೆ ಸಂತೋಷ ಯಾವದು ದುಃಖ ಯಾವದು ಎಂಬ ಭೇದವಿಲ್ಲ. ಕಣ್ಣು ನಿಂತಿತೋ ಇಲ್ಲವೋ ಎಂಬದೊಂದನ್ನೇ ಅದು ಲೆಕ್ಕ ಇಡುವದು. ಮನನೊಂದ ಹುಡುಗಿಯೊಬ್ಬಳು ದುಃಖದ ಚಿತ್ರದ ಮುಂದೆ ನಾಲ್ಕು ಸಾರಿ ನಿಂತರೆ ಐದನೇ ಸಾರಿ ಅದಕ್ಕಿಂತ ಹೆಚ್ಚು ದುಃಖದ ಚಿತ್ರವು ಅವಳ ಮುಂದೆ ಬರುತ್ತದೆ.

ಇದು ಬರೀ ಊಹೆಯ ಮಾತಲ್ಲ. ಇಂಗ್ಲೆಂಡಿನಲ್ಲಿ ೧೪ ವರ್ಷದ ಬಾಲಿಕೆಯೊಬ್ಬಳು ೨೦೧೭ರಲ್ಲಿ ತನ್ನ ಪ್ರಾಣವನ್ನು ತಾನೇ ಕಳಕೊಂಡಳು. ಬದುಕಿನ ಕಡೇ ತಿಂಗಳುಗಳಲ್ಲಿ ಅಂಥ ಕತ್ತಲೆಯ ಬರಹಗಳೂ ಚಿತ್ರಗಳೂ ಅವಳು ಕೇಳದೆಯೇ ಅವಳ ಬಳಿಗೆ ಬಂದಿದ್ದವು. ೨೦೨೨ರಲ್ಲಿ ವಿಚಾರಣೆ ಮಾಡಿದ ಅಧಿಕಾರಿಯು, ಆಕೆಗಿದ್ದ ಖಿನ್ನತೆಯ ಕಾಯಿಲೆಯ ಸಂಗಡ ಜಾಲತಾಣದ ವಿಷಯಗಳೂ ಆಕೆಯ ಮರಣಕ್ಕೆ ಕಾರಣವಾದವೆಂದು ತೀರ್ಮಾನಿಸಿದನು. ೨೦೨೧ರಲ್ಲಿ ಫೇಸ್‌ಬುಕ್ ಕಂಪೆನಿಯನ್ನು ಬಿಟ್ಟುಬಂದ ಫ್ರಾನ್ಸೆಸ್ ಹೌಗನ್ ಎಂಬಾಕೆಯು ಅದರ ಒಳಗಿನ ಕಾಗದಗಳನ್ನು ಹೊರಗೆ ಹಾಕಿದಳು. ತಮ್ಮ ದೇಹವನ್ನು ಕುರಿತು ಬೇಸರವಿದ್ದ ಪ್ರಾಯದ ಹುಡುಗಿಯರಲ್ಲಿ ನೂರಕ್ಕೆ ೩೨ ಮಂದಿ ಇನ್‌ಸ್ಟಾಗ್ರಾಮಿನಿಂದ ಆ ಬೇಸರವು ಹೆಚ್ಚಾಯಿತೆಂದು ಹೇಳಿದ್ದು ಅವುಗಳಲ್ಲಿತ್ತು. ಕಾಗದಗಳನ್ನು ತಪ್ಪಾಗಿ ಅರ್ಥಮಾಡಿದ್ದಾರೆಂದು ಕಂಪೆನಿಯವರು ವಾದಿಸಿದರು.

ಆದಾಗ್ಯೂ ಮಕ್ಕಳ ಎಲ್ಲಾ ಸಂಕಟಕ್ಕೂ ಮೊಬೈಲೇ ಮೂಲವೆಂದು ಹೇಳುವದು ಸತ್ಯವಲ್ಲ. ವಿದ್ವಾಂಸರಲ್ಲಿ ಈ ವಿಷಯವಾಗಿ ಇನ್ನೂ ವಾದ ನಡೆಯುತ್ತಿದೆ. ಹಳ್ಳಿಯ ಮೂಲೆಯಲ್ಲಿದ್ದು ಪಟ್ಟಣದ ಒಳ್ಳೇ ಉಪಾಧ್ಯಾಯರ ಗಣಿತಪಾಠವನ್ನು ಕೇಳಿ ಪರೀಕ್ಷೆಯಲ್ಲಿ ತೇರ್ಗಡೆಯಾಗುವ ಮಕ್ಕಳುಂಟು. ಮನೆಯಲ್ಲಿ ಜಗಳ, ಸಾಲ, ಕುಡಿತ, ಪರೀಕ್ಷೆಯ ಭಯ, ಇವು ಮೊಬೈಲಿಗಿಂತ ಮೊದಲೇ ಮಕ್ಕಳ ಮನಸ್ಸನ್ನು ಕುಗ್ಗಿಸುತ್ತಿದ್ದವು. ತಂದೆಯು ದಿನಾಲು ಕುಡಿದು ಬರುವ ಮನೆಯಲ್ಲಿ ಮಗನು ಫೋನಿನಲ್ಲಿ ಮುಖ ಮುಚ್ಚಿಕೊಂಡರೆ ಫೋನನ್ನು ಬೈದು ಫಲವೇನು? ಒಂದು ಸಂಗತಿಯನ್ನು ಮಾತ್ರ ಸಂಶಯವಿಲ್ಲದೆ ಹೇಳಬಹುದು. ಈ ಪ್ರಾಯದವರಿಗೆ ರಾತ್ರಿಗೆ ಎಂಟರಿಂದ ಹತ್ತು ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಾಸಿಗೆಯೊಳಗೆ ಫೋನು ಬಂದರೆ ಆ ನಿದ್ರೆಯು ಹೋಗುತ್ತದೆ. ನಿದ್ರೆಗೆಟ್ಟವನಿಗೆ ಸಣ್ಣ ಮಾತೂ ದೊಡ್ಡ ಗಾಯವಾಗುವದನ್ನು ಎಲ್ಲರೂ ಬಲ್ಲೆವು.

ಚಿತ್ರಗಳೊಂದಿಗೆ ತಮ್ಮನ್ನು ಹೋಲಿಸಿಕೊಳ್ಳುವ ಹುಡುಗಿಯರಿಗೆ ಬುದ್ಧಿಮಾತಿಗಿಂತ ಒಂದು ಪರೀಕ್ಷೆಯು ಹೆಚ್ಚು ಪ್ರಯೋಜನವಾದದ್ದು. ಕೂಟದಲ್ಲಿಯೇ ಒಬ್ಬರ ಮುಖವನ್ನು ಮೊದಲು ಇದ್ದಂತೆ, ಬಳಿಕ ಫಿಲ್ಟರ್ ಹಾಕಿ ತೆಗೆದು ತೋರಿಸಿರಿ. ಕಪ್ಪು ಬಿಳುಪಾಯಿತು, ಮೊಡವೆ ಮಾಯವಾಯಿತು, ಕಣ್ಣು ದೊಡ್ಡದಾಯಿತು. ಎಲ್ಲರೂ ನಗುವರು, ನಕ್ಕಮೇಲೆ ಮರೆಯರು.

ಇನ್ನು ವರ್ತಮಾನಗಳ ವಿಷಯ. ಇದನ್ನು ಕಲಿಸುವಾಗ ದೂರದ ದೃಷ್ಟಾಂತ ಬೇಡ, ನಮ್ಮ ರಾಜ್ಯದ್ದೇ ಉಂಟು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸಾಪಿನಲ್ಲಿ ದೇಶವೆಲ್ಲಾ ಹಬ್ಬಿತು. ಅದರ ಸಂಗಡ ಒಂದು ವಿಡಿಯೋ ಬಂದಿತ್ತು. ಮೋಟಾರುಸೈಕಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಹುಡುಗನನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರಿಗೆ ಎದೆ ಝಲ್ಲೆನ್ನುವದು. ಆದರೆ ಆ ವಿಡಿಯೋ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ಒಂದು ಸಂಘದವರು ಮಾಡಿಸಿದ ಎಚ್ಚರಿಕೆಯ ಚಿತ್ರ. ಅದರ ಕೊನೆಯಲ್ಲಿ ಅದೇ ಇಬ್ಬರು ಹುಡುಗನನ್ನು ತಿರಿಗಿ ತಂದು ಬಿಟ್ಟು, ಮಕ್ಕಳ ಮೇಲೆ ಕಣ್ಣಿಡಿರೆಂಬರ್ಥದ ಹಲಗೆಯನ್ನು ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ಹಾಕಿದರು. ಅಷ್ಟೇ ಸಾಕಾಯಿತು.

ಆ ವರ್ಷದ ಜುಲೈ ೧೩ರಂದು ಹೈದರಾಬಾದಿನ ಕಡೆಯಿಂದ ಕೆಲವು ಸ್ನೇಹಿತರು ಬೀದರ ಜಿಲ್ಲೆಯ ಒಂದು ಹಳ್ಳಿಗೆ ಕಾರಿನಲ್ಲಿ ಬಂದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟರು. ಇವರೇ ಕಳ್ಳರೆಂದು ಕೂಗೆದ್ದಿತು. ಅವರು ಹೆದರಿ ಕಾರನ್ನು ಓಡಿಸಿದರು. ಅವರಿಗಿಂತ ಮುಂಚಿತವಾಗಿ ವಾಟ್ಸಾಪಿನ ಮಾತು ಮುಂದಿನ ಊರಾದ ಮುರ್ಕಿಯನ್ನು ಮುಟ್ಟಿತು. ಅಲ್ಲಿ ದಾರಿಗೆ ಅಡ್ಡಿ ಹಾಕಿದರು, ಕಾರು ಬಿದ್ದಿತು, ಜನರು ಕಲ್ಲು ಕೋಲುಗಳಿಂದ ಹೊಡೆದರು. ಒಬ್ಬ ಇಂಜಿನಿಯರನು ಸತ್ತನು, ಬಿಡಿಸಲು ಬಂದ ಪೊಲೀಸರಿಗೂ ಗಾಯಗಳಾದವು. ಹೊಡೆದವರು ಕಳ್ಳರೂ ಕೊಲೆಗಾರರೂ ಆಗಿರಲಿಲ್ಲ. ನಮ್ಮಂಥ ಒಕ್ಕಲುತನದವರು, ಮಕ್ಕಳುಳ್ಳವರು, ತಮ್ಮ ಮಕ್ಕಳಿಗಾಗಿ ಹೆದರಿದವರು. ಈ ಮಾತನ್ನು ಯೌವನಸ್ಥರ ಮುಂದೆ ನಿಧಾನವಾಗಿ ಹೇಳಿರಿ. ಆ ಸಂದೇಶವನ್ನು ದಾಟಿಸಿದವನು ಕಲ್ಲನ್ನು ಮುಟ್ಟಲಿಲ್ಲ. ಹಾಗಾದರೆ ಅವನ ಪಾಲು ಎಷ್ಟು? ಅವರು ತಮ್ಮೊಳಗೆ ವಾದಿಸಲಿ.

ಅದೇ ತಿಂಗಳಲ್ಲಿ ವಾಟ್ಸಾಪಿನವರು ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಾರಿಗೆ ಐದು ಕಡೆಗೆ ಮಾತ್ರ ದಾಟಿಸಬಹುದೆಂದು ಮಿತಿ ಹಾಕಿದರು. ೨೦೨೦ರಲ್ಲಿ ಬಹಳವಾಗಿ ದಾಟಿಬಂದದ್ದನ್ನು ಒಂದೇ ಕಡೆಗೆ ಎಂದು ಇಳಿಸಿದರು. ನಮ್ಮ ಕೊಡಗಿಗೆ ತಗಲಿರುವ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಬೇರೆ ದಾರಿಯನ್ನು ಹಿಡಿದರು. ೨೦೧೭ರಲ್ಲಿ ದಡಾರ ಮತ್ತು ರುಬೆಲ್ಲಾ ಚುಚ್ಚುಮದ್ದಿನ ಮೇಲೆ ಸುಳ್ಳುಸುದ್ದಿ ಹಬ್ಬಿ ತಾಯಿತಂದೆಗಳು ಮಕ್ಕಳಿಗೆ ಅದನ್ನು ಹಾಕಿಸಲು ಹಿಂಜರಿದದ್ದನ್ನು ಕಂಡ ಜಿಲ್ಲಾಧಿಕಾರಿಗಳು, ೨೦೧೮ರಲ್ಲಿ ಸುಮಾರು ೧೫೦ ಸರಕಾರಿ ಶಾಲೆಗಳಲ್ಲಿ ಸುಳ್ಳುಸುದ್ದಿಯನ್ನು ಗುರುತಿಸುವ ಪಾಠವನ್ನೇ ಆರಂಭಿಸಿದರು. ಹಿರಿಯರನ್ನು ತಿದ್ದುವದಕ್ಕೆ ಮಕ್ಕಳನ್ನು ಕಲಿಸುವದೇ ಹತ್ತಿರದ ದಾರಿಯೆಂದು ನನಗೂ ತೋಚುತ್ತದೆ. ವಾಟ್ಸಾಪಿನ ಸುಳ್ಳುಗಳನ್ನು ನಮ್ಮಲ್ಲಿ ಹೆಚ್ಚು ದಾಟಿಸುವವರು ಹುಡುಗರಲ್ಲ, ಮೀಸೆ ನೆರೆತವರು. ಮಕ್ಕಳ ಬಾಯಿಗೆ ಈ ಪ್ರಶ್ನೋತ್ತರಗಳನ್ನು ಬರಿಸಿರಿ.

ಪ್ರಶ್ನೆ. ಒಂದು ವರ್ತಮಾನವು ಬಂದಾಗ ಮೊದಲು ವಿಚಾರಿಸತಕ್ಕದ್ದೇನು?
ಉತ್ತರ. ಕಣ್ಣಾರೆ ಕಂಡವನು ಯಾರು, ಎಲ್ಲಿ, ಎಂದು ಎಂಬದನ್ನೇ. ನನಗೆ ಕಳುಹಿಸಿದವನು ನನ್ನ ಸೋದರಮಾವನಾದರೂ ಅವನು ಕಂಡವನಲ್ಲ, ದಾಟಿಸಿದವನು.

ಪ್ರಶ್ನೆ. ಸಂದೇಶದ ಮೇಲೆ ಎರಡು ಬಾಣಗಳ ಗುರುತು ಇದ್ದರೆ ಅರ್ಥವೇನು?
ಉತ್ತರ. ಅದು ಐದಕ್ಕೆ ಕಡಿಮೆಯಿಲ್ಲದೆ ಕೈಗಳನ್ನು ದಾಟಿ ಬಂದದ್ದು. ಸುಳ್ಳೆಂದು ಅರ್ಥವಲ್ಲ, ಮೂಲವು ದೂರವಾಯಿತೆಂದು ಅರ್ಥ.

ಪ್ರಶ್ನೆ. ವಿಡಿಯೋ ಇದ್ದ ಮೇಲೆ ಸತ್ಯವಲ್ಲವೋ?
ಉತ್ತರ. ವಿಡಿಯೋ ಬೇರೆ ಊರಿನದೂ ಬೇರೆ ಕಾಲದ್ದೂ ಆಗಿರಬಹುದು, ಕೊನೆಯನ್ನು ಕತ್ತರಿಸಿರಬಹುದು. ಈಗಲಂತೂ ಕೃತಕ ಬುದ್ಧಿಯ ಯಂತ್ರದಿಂದ ಇಲ್ಲದ ಮುಖವನ್ನೂ ಆಡದ ಮಾತನ್ನೂ ಹುಟ್ಟಿಸಬಹುದು.

ಪ್ರಶ್ನೆ. ಚಿಕ್ಕಪ್ಪನ ಧ್ವನಿಯಲ್ಲಿಯೇ ಹೊಸ ನಂಬರಿನಿಂದ ಹಣ ಕೇಳಿದರೆ?
ಉತ್ತರ. ಫೋನು ಇಟ್ಟು, ನಮ್ಮಲ್ಲಿರುವ ಚಿಕ್ಕಪ್ಪನ ಹಳೇ ನಂಬರಿಗೆ ನಾವೇ ಕರೆ ಮಾಡಬೇಕು.

ಪ್ರಶ್ನೆ. "ಈಗಲೇ ಎಲ್ಲರಿಗೂ ಕಳುಹಿಸಿರಿ" ಎಂದು ಬರೆದಿದ್ದರೆ?
ಉತ್ತರ. ಅದನ್ನೇ ಮೊದಲು ಸಂಶಯಿಸಿ ನಾಳೆಯ ವರೆಗೆ ಇಟ್ಟುಕೊಳ್ಳಬೇಕು.

ಇಷ್ಟರ ವರೆಗೆ ಹೇಳಿದ್ದನ್ನು ಕೂಟದಲ್ಲಿ ಎಲ್ಲರ ಮುಂದೆ ಕಲಿಸಬಹುದು. ಮುಂದಿನದನ್ನು ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ ಕೂಡಿಸಿ ಹೇಳುವದು ಉತ್ತಮ. ಆದರೆ ನಾಚಿಕೆಯಿಂದ ಹೇಳದೆ ಬಿಡಬಾರದು.

ಒಬ್ಬ ಹುಡುಗನಿಗೆ ಗುರುತಿಲ್ಲದ ಹುಡುಗಿಯ ಹೆಸರಿನಿಂದ ಸ್ನೇಹದ ಕೋರಿಕೆ ಬರುತ್ತದೆ. ಚಿತ್ರವು ಅಂದವಾಗಿದೆ, ಮಾತು ಇಂಪಾಗಿದೆ. ಎರಡು ಮೂರು ದಿವಸದಲ್ಲಿ ವಿಡಿಯೋ ಕರೆ ಬರುತ್ತದೆ, ಇಲ್ಲವೆ ಬಟ್ಟೆಯಿಲ್ಲದ ಚಿತ್ರವನ್ನು ಕಳುಹಿಸೆಂದು ಪುಸಲಾಯಿಸುತ್ತಾರೆ. ಹುಡುಗನು ಮೋಸಹೋದ ಕೂಡಲೇ ಆ ಇಂಪು ಮಾತು ನಿಂತುಹೋಗಿ, "ಇಷ್ಟು ಹಣ ಹಾಕು, ಇಲ್ಲವಾದರೆ ನಿನ್ನ ಸ್ನೇಹಿತರೆಲ್ಲರಿಗೂ ಕಳುಹಿಸುವೆನು" ಎಂಬ ಬೆದರಿಕೆ ಬರುತ್ತದೆ. ಆಚೆ ಕೂತದ್ದು ಹುಡುಗಿಯೇ ಅಲ್ಲ, ಇದನ್ನೇ ಕಸುಬು ಮಾಡಿಕೊಂಡ ವಂಚಕನು. ಹುಡುಗಿಯರಿಗಾದರೋ ಇದಕ್ಕಿಂತ ಕೆಟ್ಟದ್ದು. ಮದುವೆಮನೆಯಲ್ಲಿ ತೆಗೆದು ಸ್ಟೇಟಸ್ಸಿಗೆ ಹಾಕಿದ ನಿರ್ದೋಷವಾದ ಚಿತ್ರವನ್ನೇ ತೆಗೆದುಕೊಂಡು ಯಂತ್ರದಿಂದ ಕೆಡಿಸಿ ಹೆದರಿಸುವವರಿದ್ದಾರೆ. ಅಲ್ಲಿ ಅವಳ ಕಡೆಯಿಂದ ಏನೂ ನಡೆದಿಲ್ಲ.

ಆ ರಾತ್ರಿ ಆ ಮಗುವು ಏನು ಯೋಚಿಸುತ್ತದೆ? "ಅಪ್ಪನಿಗೆ ತಿಳಿದರೆ ಕೊಲ್ಲುವನು. ಅಮ್ಮನು ಅಳುವಳು. ಫೋನನ್ನು ಕಸಕೊಳ್ಳುವರು, ಶಾಲೆ ಬಿಡಿಸುವರು. ಊರಲ್ಲಿ ಹೇಗೆ ಮುಖ ತೋರಿಸಲಿ?" ಹೀಗೆಂದು ಬಾಯಿ ಮುಚ್ಚಿಕೊಳ್ಳುತ್ತದೆ. ವಂಚಕನು ನಂಬಿಕೊಂಡಿರುವದು ಈ ಮುಚ್ಚಿದ ಬಾಯನ್ನೇ. ಬೀಗ ಹಾಕಿದರೆ ತೀರಿತು ಅನ್ನುವವರಿಗೆ ನನ್ನ ಉತ್ತರವು ಇದೇ. ಫೋನನ್ನು ಕಸಕೊಳ್ಳುವೆವೆಂಬ ಭಯವೇ ಮಗುವಿನ ಬಾಯಿಗೆ ಬೀಗವಾಗುತ್ತದೆ. ಮಗಳ ಚಿತ್ರವನ್ನು ಯಾವನೋ ಕೆಡಿಸಿದ್ದಕ್ಕೆ ಮಗಳ ಶಾಲೆಯನ್ನು ಬಿಡಿಸಿ ಅವಸರದಿಂದ ಮದುವೆ ಮಾಡುವದು, ಮನೆಗೆ ಕನ್ನ ಬಿದ್ದಾಗ ಮನೆಯವನಿಗೇ ಕೋಳ ಹಾಕಿದ ಹಾಗೆ.

ಆದದರಿಂದ ಏನೂ ನಡೆಯುವದಕ್ಕೆ ಮುಂಚೆಯೇ ಪ್ರತಿ ತಂದೆಯೂ ಪ್ರತಿ ತಾಯಿಯೂ ತಮ್ಮ ಮಗುವಿಗೆ ಬಾಯಿಬಿಟ್ಟು ಹೇಳಬೇಕು: "ಮಗಾ, ಫೋನಿನಲ್ಲಿ ಯಾರಾದರೂ ನಿನ್ನನ್ನು ಹೆದರಿಸಿದರೆ ಮೊದಲು ನನಗೆ ಹೇಳು. ನಾನು ಹೊಡೆಯುವದಿಲ್ಲ, ಫೋನನ್ನೂ ಕಸಕೊಳ್ಳುವದಿಲ್ಲ. ಇಬ್ಬರೂ ಕೂಡಿ ನೋಡೋಣ." ಮನಸ್ಸಿನಲ್ಲಿ ಇಟ್ಟುಕೊಂಡರೆ ಸಾಲದು, ಮಗುವಿಗೆ ಅದು ಗೊತ್ತಾಗುವದಿಲ್ಲ. ಹೇಳಿದ ಮೇಲೆ ಆ ಮಾತಿನಂತೆ ನಡೆಯತಕ್ಕದ್ದು.

ಮಗುವು ಬಂದು ಹೇಳಿದರೆ ಮಾಡತಕ್ಕದ್ದೇನಂದರೆ, ಹಣ ಕೊಡಬಾರದು, ಒಂದು ಸಾರಿ ಕೊಟ್ಟವನನ್ನು ಮತ್ತೆ ಮತ್ತೆ ಕೇಳುವರು. ಸಂದೇಶಗಳನ್ನು ಅಳಿಸಬಾರದು, ಅವುಗಳ ಚಿತ್ರ ತೆಗೆದಿಟ್ಟುಕೊಂಡು ಬಳಿಕ ಆ ಖಾತೆಯನ್ನು ಬ್ಲಾಕ್ ಮಾಡಬೇಕು. ಸೈಬರ್ ಅಪರಾಧಗಳಿಗಾಗಿ ಇರುವ ೧೯೩೦ ಎಂಬ ನಂಬರಿಗೆ ಕರೆ ಮಾಡಬೇಕು, ಹಣ ಹೋಗಿದ್ದರೆ ತಡಮಾಡದೆ ಮಾಡಬೇಕು. ಸರಕಾರದ ಸೈಬರ್ ಅಪರಾಧ ಜಾಲತಾಣದಲ್ಲಿ ಹೆಂಗಸರ ಮತ್ತು ಮಕ್ಕಳ ವಿಷಯವಾದ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಮಕ್ಕಳ ಸಹಾಯಕ್ಕೆ ೧೦೯೮ ಎಂಬ ನಂಬರು ಉಂಟು. ೧೮ ವರ್ಷದೊಳಗಿನವರ ಅಂಥ ಚಿತ್ರವನ್ನು ಇಟ್ಟುಕೊಳ್ಳುವದೂ ಹಂಚುವದೂ ಅಪರಾಧ, ೨೦೧೨ರ ಪೋಕ್ಸೋ ಕಾಯಿದೆಯು ಮಗುವಿನ ಪಕ್ಷದಲ್ಲಿದೆ. ಚಿತ್ರವು ಹರಡದಂತೆ ತಡೆಯುವದಕ್ಕೆ "ಟೇಕ್ ಇಟ್ ಡೌನ್" ಎಂಬ ಉಚಿತ ಸೇವೆಯು ೨೦೨೩ರಿಂದ ಉಂಟು. ಚಿತ್ರವನ್ನು ಯಾರಿಗೂ ಕಳುಹಿಸದೆ ಅದರ ಗುರುತನ್ನು ಮಾತ್ರ ಕೊಟ್ಟರೆ, ಅದರಲ್ಲಿ ಸೇರಿರುವ ಕಂಪೆನಿಗಳು ತಮ್ಮಲ್ಲಿ ಅದು ಕಂಡಲ್ಲಿ ತೆಗೆಯಬಲ್ಲವು.

ಮನೆಯ ಕಟ್ಟಳೆಗಳ ವಿಷಯವಾಗಿ ಬಹಳ ಹೇಳಬೇಕಾಗಿಲ್ಲ. ಆಸ್ಟ್ರೇಲಿಯದಲ್ಲಿ ೧೬ ವರ್ಷದೊಳಗಿನವರಿಗೆ ಖಾತೆ ಕೊಡಬಾರದೆಂಬ ಕಾನೂನು ೨೦೨೫ನೇ ಡಿಸೆಂಬರ್ ೧೦ರಿಂದ ಜಾರಿಗೆ ಬಂದಿತು. ಇನ್‌ಸ್ಟಾಗ್ರಾಮಿನವರ ನಿಯಮದಂತೆ ೧೩ ವರ್ಷ ತುಂಬಿರಬೇಕು. ೨೦೨೫ರಿಂದ ಭಾರತದಲ್ಲಿ ಪ್ರಾಯದ ಮಕ್ಕಳ ಖಾತೆಗಳು ತಾವಾಗಿಯೇ ಅಪರಿಚಿತರಿಗೆ ಮುಚ್ಚಿರುವಂತೆ ಮಾಡಿದ್ದಾರೆ. ಆದರೆ ಹುಟ್ಟಿದ ವರ್ಷವನ್ನು ಸುಳ್ಳು ಬರೆದ ಮಗುವಿಗೆ ಈ ಬೇಲಿಯ ಪ್ರಯೋಜನವಿಲ್ಲ. ಆದದರಿಂದ ಮಗುವಿನ ಪಕ್ಕದಲ್ಲಿ ಕೂತು ಬರೆದ ವರ್ಷ ಯಾವದೆಂದು ನೋಡಿರಿ. ರಾತ್ರಿ ಊಟವಾದ ಮೇಲೆ ಮನೆಯ ಎಲ್ಲಾ ಫೋನುಗಳೂ ಒಂದೇ ಗೂಡಿನಲ್ಲಿ ಇರಲಿ. ಎಲ್ಲಾ ಅಂದರೆ ತಂದೆಯ ಫೋನೂ ಸಹ. ಮಗನಿಗೆ ಸ್ವಂತ ಫೋನು ಕೊಟ್ಟು ಮಗಳಿಗೆ ಮುಟ್ಟಲೂ ಬಿಡದ ಮನೆಗಳುಂಟು. ಅವಳು ನಾಳೆ ಕಾಲೇಜಿಗೋ ಕೆಲಸಕ್ಕೋ ಹೋದಾಗ ಏನೂ ಅರಿಯದವಳಾಗಿ ಮೋಸಹೋಗುವಳು. ಇಬ್ಬರಿಗೂ ಸಮವಾಗಿ ಕಲಿಸಿರಿ.

ಕಡೆಯದಾಗಿ, ಮನಸ್ಸು ಕುಗ್ಗಿದ ಮಗುವನ್ನು ಗುರುತಿಸುವದು ಹೇಗೆ? ಎರಡು ವಾರಗಳ ವರೆಗೆ ಬಿಡದೆ ಮಂಕಾಗಿರುವದು, ನಿದ್ರೆಯೂ ಊಟವೂ ಕೆಡುವದು, ಹಿಂದೆ ಪ್ರಿಯವಾಗಿದ್ದ ಆಟಪಾಟ ಬೇಡವಾಗುವದು, ಫೋನು ಸದ್ದಾದರೆ ಬೆಚ್ಚಿಬೀಳುವದು, ತಾನಿದ್ದು ಪ್ರಯೋಜನವಿಲ್ಲವೆಂದು ಹೇಳುವದು, ಇವುಗಳನ್ನು ಸೋಮಾರಿತನವೆಂದಾಗಲಿ ಭಕ್ತಿಯ ಕೊರತೆಯೆಂದಾಗಲಿ ಎಣಿಸಬಾರದು. ಚಳಿಜ್ವರದಿಂದ ನಡುಗುವವನಿಗೆ ನಾವು ಹಾಗೆ ಹೇಳುವೆವೋ? ಮನಸ್ಸಿನ ಕಾಯಿಲೆಗೂ ವೈದ್ಯರಿದ್ದಾರೆ, ಔಷಧವುಂಟು. ಸಂಶಯವಿದ್ದರೆ, "ಸಾಯಬೇಕೆಂಬ ಯೋಚನೆ ಬರುತ್ತದೋ?" ಎಂದು ನೇರವಾಗಿ ಕೇಳಿರಿ. ಕೇಳಿದ್ದರಿಂದ ಆ ಯೋಚನೆಯು ಹುಟ್ಟುವದಿಲ್ಲ, ಒಳಗಿದ್ದರೆ ಹೊರಗೆ ಬರುವದು. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ಅದೇ ಗಳಿಗೆಯಲ್ಲಿ ಬೀಗದೊಳಗೆ ಇಡಿರಿ, ಇಲ್ಲವೆ ಮನೆಯಿಂದ ಹೊರಗೆ ಸಾಗಿಸಿರಿ.

ಸರಕಾರದವರು ೨೦೨೨ರ ಅಕ್ಟೋಬರ್ ೧೦ರಂದು ಟೆಲಿ ಮಾನಸ್ ಎಂಬ ಸಹಾಯವಾಣಿಯನ್ನು ಸ್ಥಾಪಿಸಿದರು. ಅದರ ನಂಬರು ೧೪೪೧೬. ಹಗಲೂ ರಾತ್ರಿಯೂ ಖರ್ಚಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ಮೊಬೈಲಿನ ಚಟವನ್ನು ಬಿಡಿಸಲಾರದವರಿಗಾಗಿಯೇ ೨೦೧೪ರಿಂದ ಒಂದು ಚಿಕಿತ್ಸಾಲಯವುಂಟು. ದೂರದ ಊರಿನವರು ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ೧೪೪೧೬ಕ್ಕೆ ಮಗುವು ತಾನೇ ಮಾತಾಡಲು ಒಪ್ಪದಿದ್ದರೆ ಬಲವಂತ ಬೇಡ. ತಾಯಿಯೋ ತಂದೆಯೋ ಕರೆ ಮಾಡಿ, "ನಮ್ಮ ಮಗುವು ಹೀಗಿದೆ, ನಾವು ಏನು ಮಾಡೋಣ?" ಎಂದು ಕೇಳಬಹುದು.